ನಾಯಿಕೊಡೆ ಕಷಾಯ

ಇದಕ್ಕೆ ಗೊಂಚಲು ಎಂದು ಹೆಸರಿಟ್ಟವರು
ದ್ರಾಕ್ಷಿ ತಿಂದು ಬದುಕಿದವರೇ ಇರಬೇಕು.
ನನ್ನ ಗಂಡ ಗೆಥಿನ್‌ಗೆ ಬರುವುದು ಗೊಂಚಲಲ್ಲ,
ಒಂದೇ ಒಂದು ಮೊಳೆ. ಎಡಗಣ್ಣಿನ ಹಿಂದೆ.
ರಾತ್ರಿ ಎರಡಕ್ಕೆ ಐದು ನಿಮಿಷ ಇರುವಾಗ
ಯಾರೋ ಅದನ್ನು ಕೆಂಪಗೆ ಕಾಯಿಸಿ
ಒಳಗಿನಿಂದ ಹೊರಕ್ಕೆ ಹೊಡೆಯುತ್ತಾರೆ.

ಬೆಥೆಸ್ಡಾದ ಅರ್ಧ ಊರಿಗೆ ಸ್ಲೇಟಿನ ಮಾಡು ಹೊದಿಸಿದವನು;
ಮೊಳೆಯ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.
ಈಗ ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ
ಒಂದೇ ಕಣ್ಣು ಸುರಿಸುತ್ತ, ಒಂದೇ ಹೊಳ್ಳೆ ಕಟ್ಟಿ,
ಸರಪಳಿಯ ಕರಡಿಯ ಹಾಗೆ ತೂಗುತ್ತಾನೆ.
ಮಲಗು ಅನ್ನಬಾರದು. ಮುಟ್ಟಬಾರದು.
ಹದಿನೇಳು ವರ್ಷದ ಸಂಸಾರದಲ್ಲಿ ನಾನು ಕಲಿತದ್ದು
ಆಮ್ಲಜನಕದ ಸಿಲಿಂಡರಿನ ತಿರುಪು ಎತ್ತ ತಿರುಗಿಸಬೇಕೆಂಬುದು,
ಮತ್ತೆ, ಸುಮ್ಮನಿರುವುದು.

ಹಾಸಿಗೆಯ ಪಕ್ಕ ಒಡೆದ ಸ್ಲೇಟಿನ ಚೂರು.
ಬಂದ ರಾತ್ರಿಗೊಂದು ಬಳಪದ ಗೀಟು.
ಅಕ್ಟೋಬರಿನ ಕೊನೆಯ ಭಾನುವಾರ ದೇಶಕ್ಕೆ ದೇಶವೇ
ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು.
ನೋವು ತಿರುಗಿಸಿಕೊಳ್ಳಲಿಲ್ಲ.
ಅಂದಿನಿಂದ ಒಂದಕ್ಕೆ ಐದು ನಿಮಿಷ ಇರುವಾಗಲೇ ಹಾಜರು:
ಸರ್ಕಾರದ ಮಾತು ಕೇಳದ ಒಬ್ಬನೇ ಪ್ರಜೆ, ನಮ್ಮ ಮನೆಯಲ್ಲಿ.

ಡಾಕ್ಟರ್ ಪ್ರಥೆರೋ ಒಳ್ಳೆಯವಳು. ಇದ್ದದ್ದನ್ನೆಲ್ಲ ಕೊಟ್ಟಳು.
ಎದೆಯ ಕಾಯಿಲೆಯ ಮಾತ್ರೆ, ಹುಚ್ಚಿನ ಮಾತ್ರೆ, ಅಪಸ್ಮಾರದ ಮಾತ್ರೆ;
ಎಲ್ಲವೂ ಬೇರೆಯವರ ರೋಗದಿಂದ ಎರವಲು ತಂದವು.
ಕಾಲು ಬಾತಿತು. ಕೈ ನಡುಗಿತು,
ಏಣಿ ಹತ್ತುವವನ ಕೈ.
ಕೊನೆಗೆ ಪೆನ್ನು ಮುಚ್ಚಿ ಅಂದಳು:
"ಕೆಲವರು ಬೇರೆ ಏನೇನೋ ಮಾಡುತ್ತಾರೆ.
ಅದನ್ನು ನಾನು ಹೇಳುವ ಹಾಗಿಲ್ಲ."
ಹೇಳದೆ, ಕಿಟಕಿಯಾಚೆಯ ಬೆಟ್ಟ ನೋಡಿದಳು.
ಸುಮ್ಮನೆ ನೋಡಿದಳೋ, ನಾವೇ ಅರ್ಥ ಹಚ್ಚಿಕೊಂಡೆವೋ.

ಮೊಸ್ಟಿನ್‌ನ ಕುರಿಗಳು ಮೇಯುವ ಇಳಿಜಾರಿನಲ್ಲಿ
ಮಂಜು ಹರಿಯುವ ಮುಂಚೆ ಇಬ್ಬರೂ ಬಗ್ಗಿದೆವು.
ಐವತ್ತೆರಡರವಳು ನಾನು, ಚಾಪೆಲ್ಲಿನಲ್ಲಿ ಆರ್ಗನ್ ನುಡಿಸುವವಳು,
ಕೈಯಲ್ಲಿ ಬ್ರೆಡ್ಡಿನ ಖಾಲಿ ಚೀಲ,
ಕಾನೂನಿನ ಕಣ್ಣಿಗೆ ಕಳ್ಳಿ.
ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ;
ನಮಗೆ ಆ ಹುಲ್ಲಿನ ನಡುವೆ ನಿಂತ
ಚೂಪು ನೆತ್ತಿಯ ಪುಟ್ಟ ನಾಯಿಕೊಡೆ.
ಬೇಲಿಯಾಚೆ ನಾಯಿ ಬೊಗಳಿತು. ಮೊಸ್ಟಿನ್ ಬಂದ.
ಚೀಲ ನೋಡಿದ. ಗೆಥಿನ್‌ನ ಜೋತ ರೆಪ್ಪೆ ನೋಡಿದ.
"ಆ ಮೂಲೆಯಲ್ಲಿ ಇನ್ನೂ ಇವೆ," ಅಂದು
ನಾಯಿಯನ್ನು ಕರೆದುಕೊಂಡು ಹೋದ.

ಕಷಾಯಕ್ಕೆ ಒದ್ದೆ ಗೋಣಿಯ ರುಚಿಯಂತೆ.
ಚಾಕು, ಏಣಿ, ವ್ಯಾನಿನ ಬೀಗದ ಕೈ
ಎಲ್ಲ ಬಚ್ಚಿಟ್ಟು ಎದುರು ಕೂತಿದ್ದೆ.
ಮೊದಲ ಗಂಟೆ ಏನೂ ಇಲ್ಲ.
ಆಮೇಲೆ ಗೋಡೆಕಾಗದದ ಬಳ್ಳಿ ಉಸಿರಾಡುತ್ತಿದೆ ಅಂದ.
ಲೌರಿ, ನಿನಗೆ ಎಷ್ಟೊಂದು ಬೆರಳು, ಅಂದ.
ನಕ್ಕ. ಅತ್ತ.
ಎಷ್ಟೋ ತಿಂಗಳ ಮೇಲೆ ಎರಡೂ ಕಣ್ಣಿನಿಂದ ಅತ್ತ.

ಒಂದಕ್ಕೆ ಐದು ನಿಮಿಷ.
ಸಿಲಿಂಡರಿನ ಮೇಲೆ ನನ್ನ ಕೈ.
ಒಂದು.
ಒಂದೂ ಹತ್ತು.
ನಿತ್ಯದ ಅತಿಥಿ ಬಾರದ ಮನೆಯಲ್ಲಿ
ಏನು ಮಾಡಬೇಕೆಂದು ತೋಚದೆ ಟೀ ಕಾಸಿದೆ, ಮೂರು ಕಪ್ಪು.
ತರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆಹೋಗಿದ್ದ, ಬಾಯಿ ತೆರೆದು.

ಹನ್ನೊಂದು ರಾತ್ರಿ ಬರಲಿಲ್ಲ.
ಹನ್ನೆರಡನೆಯ ರಾತ್ರಿ ಹೊಸ್ತಿಲವರೆಗೆ ಬಂದು
ಕಣ್ಣಿನ ಹಿಂದೆ ನೆರಳು ಹಾಯಿಸಿ ಹೋಯಿತು.
ಅದಕ್ಕೆ ಗೀಟು ಎಳೆಯಬೇಕೋ ಬೇಡವೋ,
ಬಳಪ ಹಿಡಿದೇ ಬೆಳಗು ಮಾಡಿದೆ.
ಕಷಾಯವೋ, ಕಾಲವೋ; ಯಾರನ್ನು ಕೇಳಲಿ?
ಗೊಂಚಲು ತಾನಾಗೇ ಉದುರುವ ದಿನಗಳೂ ಇವೆಯಂತೆ.

ಮೊನ್ನೆ ಚಾಪೆಲ್ಲಿನ ಮಾಡಿಗೆ ಏಣಿ ಹಾಕಿದ.
ಕೆಳಗೆ ನಾನು ಹಿಡಿದು ನಿಂತಿದ್ದೆ.
ಮೇಲೆ ಒಂದೊಂದು ಮೊಳೆ ಇಳಿಯುವಾಗಲೂ
ಕಣ್ಣು ಮುಚ್ಚಿಕೊಂಡವಳು ನಾನು.